ಯಂತ್ರಕ್ಕೆ ಯಾವ ನುಡಿ?

ವಿಜ್ಞಾನದ ಲೆಕ್ಕಗಳನ್ನು ಕಂಪ್ಯೂಟರಿಗೆ ಒಪ್ಪಿಸಲು ಯಾವ ಭಾಷೆ ಮೇಲೆಂದು ಸಂಶೋಧನೆಗೆ ತೊಡಗುವ ತರುಣರು ಕೇಳುವುದುಂಟು. ಕನ್ನಡದ ಮೇಷ್ಟರಿಗೇಕೆ ಈ ಗೊಡವೆಯೆಂದು ವಾಚಕರು ನಕ್ಕಾರು. ಆದರೆ ಹಳೆಯ ನುಡಿ, ಹೊಸ ನುಡಿಗಳ ವ್ಯಾಜ್ಯ ನಮಗೇನೂ ಅಪರಿಚಿತವಲ್ಲ.

1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಹೊರತಂದರು. ಯಂತ್ರಸಂಕೇತಗಳಲ್ಲಿ ತಿಣುಕುತ್ತಿದ್ದ ವಿಜ್ಞಾನಿಗಳು ಅಂದಿನಿಂದ ಗಣಿತಸೂತ್ರವನ್ನು ಹೆಚ್ಚುಕಡಿಮೆ ಸೂತ್ರರೂಪದಲ್ಲಿಯೇ ಬರೆಯುವಂತಾಯಿತು. 1991ರಲ್ಲಿ ಗೀಡೊ ವಾನ್ ರಾಸಮ್ ಪ್ರಕಟಿಸಿದ ಪೈಥಾನ್ ಇನ್ನೂ ಸುಲಭ. ಆದರೆ ಎದುರಾದ ಪ್ರತಿಯೊಂದು ಸಂಖ್ಯೆಯನ್ನೂ ‘ನೀನು ಯಾರು?’ ಎಂದು ವಿಚಾರಿಸಿಯೇ ಮುಂದಡಿಯಿಡುವುದರಿಂದ ದೀರ್ಘ ಲೆಕ್ಕಗಳಲ್ಲಿ ಮಂದಗಾಮಿ.

ಹಾಗಿದ್ದರೂ ಪೈಥಾನಿನಲ್ಲಿ ಮಹಾಗಣಿತ ಸಾಗುತ್ತಿದೆಯಲ್ಲ? ಸ್ವಾರಸ್ಯವಿರುವುದು ಇಲ್ಲಿಯೇ. ನಮ್‌ಪೈ, ಸೈಪೈ ಎಂಬ ಅದರ ಉಪಕರಣಗಳು ಸಮೀಕರಣ ಬಿಡಿಸುವ ಭಾರವನ್ನು ಲ್ಯಾಪ್ಯಾಕ್ ಎಂಬ ಸಿದ್ಧಸಂಗ್ರಹಕ್ಕೆ ವಹಿಸುತ್ತವೆ. ಅದು ಮೂಲತಃ ಫೋರ್ಟ್ರಾನಿನಲ್ಲಿ ರಚಿತವಾದದ್ದು. ಮೇಲೆ ಹೊಸಗನ್ನಡದ ಸರಳತೆ, ಒಳಗೆ ಹಳಗನ್ನಡದ ಬಿಗಿ! ಈ ಇಬ್ಬಂದಿ ಬಾಳುವೆಯೇ ಬೇಡವೆಂದು 2012ರಲ್ಲಿ ಜೂಲಿಯಾ ಬಂದಿತು. ಅದರ ನಾಲ್ವರು ನಿರ್ಮಾಪಕರಲ್ಲಿ ಭಾರತೀಯರಾದ ವಿರಲ್ ಶಾ ಒಬ್ಬರು. ಬರೆಯಲು ಅದು ಹಗುರ, ಓಟದಲ್ಲಿ ಚುರುಕು; ಆದರೆ ತೊಡಕು ಬಂದಾಗ ಕೈಹಿಡಿಯುವ ಬಳಗ ಪೈಥಾನಿನಷ್ಟು ವಿಶಾಲವಲ್ಲ.

ಆರಿಸುವುದು ಯಾವುದನ್ನು? ಮೊದಲು ಯಾರ ಕಾಲ ಅಮೂಲ್ಯವೆಂದು ಕೇಳಿಕೊಳ್ಳಬೇಕು. ಒಮ್ಮೆ ಮಾತ್ರ ಮಾಡುವ ಲೆಕ್ಕ ರಾತ್ರಿಯೆಲ್ಲ ಓಡಿದರೆ ಯಂತ್ರಕ್ಕೇನು ನಿದ್ದೆಗೇಡು? ಅದನ್ನು ಎರಡು ನಿಮಿಷಕ್ಕಿಳಿಸಲು ವಿದ್ಯಾರ್ಥಿಯು ಮೂರು ತಿಂಗಳು ವ್ಯಯಿಸಿದರೆ, ಎಣಿಸಿ ಕೊಟ್ಟ ಶಿಷ್ಯವೇತನದ ದಿನಗಳು ಮರಳಿ ಬಾರವು. ಆದರೆ ಹವಾಮಾನದ ಲೆಕ್ಕ ಹಾಗಲ್ಲ. ಮಳೆ ಸುರಿದುಹೋದ ಮೇಲೆ ಮುನ್ಸೂಚನೆ ಸಿದ್ಧವಾದರೆ ರೈತನಿಗೆ ಫಲವೇನು? ಆ ಕ್ಷೇತ್ರದ ಅನೇಕ ಪ್ರೋಗ್ರಾಮುಗಳು ಇಂದಿಗೂ ಫೋರ್ಟ್ರಾನಿನಲ್ಲಿರುವುದು ಕೇವಲ ಹಳೆಯ ಅಭ್ಯಾಸದಿಂದಲ್ಲ.

ಆದುದರಿಂದ ತರುಣರು ಮೊದಲು ಸುಲಭ ಭಾಷೆಯಲ್ಲಿ ಬರೆದು, ಉತ್ತರ ಸರಿಯೆಂದು ಖಚಿತಪಡಿಸಿಕೊಳ್ಳಲಿ. ಬಳಿಕ ಕಾಲವೆಲ್ಲ ಎಲ್ಲಿ ಸೋರುತ್ತಿದೆಯೆಂದು ಅಳೆಯಲಿ. ಅಷ್ಟು ಭಾಗವನ್ನು ಮಾತ್ರ ವೇಗದ ಭಾಷೆಗೆ ಒಪ್ಪಿಸಲಿ. ಸಹಾಧ್ಯಾಯಿಗಳು ಬಳಸುವ ಭಾಷೆಯನ್ನು ಅಲಕ್ಷಿಸದಿರಲಿ; ತಾನೊಬ್ಬನೇ ಓದಬಲ್ಲ ಲೆಕ್ಕವನ್ನು ಪರೀಕ್ಷಿಸುವವರಾರು? ತಪ್ಪು ಉತ್ತರವನ್ನು ಮಿಂಚಿನ ವೇಗದಲ್ಲಿ ಪಡೆದು ಸಾಧಿಸುವುದಾದರೂ ಏನು?