ಕೊನೆಯ ಗರಿಯ ಹೆಸರು

ಬಾದಾಮಿ ಸಮೀಪ, ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗ ಮಂದಿರದ ಗ್ರಂಥಭಂಡಾರದಲ್ಲಿ ತಾಡವೋಲೆಯ ಕಟ್ಟುಗಳಿವೆ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ, ಇಳಕಲ್ಲ ವಿಜಯಮಹಾಂತ ಶಿವಯೋಗಿಗಳ ಒತ್ತಾಸೆಯೊಂದಿಗೆ, ಮಠಗಳಿಗೆ ಸಾಧಕರನ್ನು ಸಿದ್ಧಗೊಳಿಸಲೆಂದು ಈ ಸಂಸ್ಥೆಯನ್ನು ಕಟ್ಟಿದರು. ವಟುಗಳ ಪಾಠ, ಗೋಶಾಲೆ, ವಿಭೂತಿ ತಯಾರಿಕೆಯ ಜೊತೆಗೆ ಹಳೆಯ ಗ್ರಂಥಗಳನ್ನು ಕೂಡಿಡುವುದೂ ಇಲ್ಲಿ ಒಂದು ಕಾಯಕವಾಯಿತು.

ಓಲೆ ಸಿದ್ಧವಾಗುವುದೇ ನಿಧಾನದ ಕೆಲಸ. ತಾಳೆಯ ಗರಿಯನ್ನು ಕೊಯ್ದು, ಕುದಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಬರೆಯಲು ಕಬ್ಬಿಣದ ಕಂಟ. ಕೊರೆದ ಅಕ್ಷರ ಮೊದಲು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಮಸಿ ಸವರಿ ಒರೆಸಿದಾಗ ಗೀರಿನೊಳಗೆ ಕಪ್ಪು ನಿಂತು ಸಾಲು ಮೂಡುತ್ತದೆ. ನಾರು ಗರಿಯ ಉದ್ದಕ್ಕೆ ಹರಿದಿರುವುದರಿಂದ ನೇರ ಗೆರೆಯನ್ನು ಒತ್ತಿ ಎಳೆದರೆ ಸೀಳುವ ಭಯ. ದುಂಡಗಿನ ಕನ್ನಡ ಅಕ್ಷರ ಇದಕ್ಕೆ ಚೆನ್ನಾಗಿ ಒಗ್ಗಿತು. ತೂತಿಗೆ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟಿದರೆ ಗ್ರಂಥ ಮುಗಿಯಿತು.

ಕನ್ನಡ ನಾಡಿನಲ್ಲಿ ಓಲೆಯ ಬರವಣಿಗೆ ಇನ್ನೂ ನಡೆದಿದ್ದ ಕಾಲದಲ್ಲೇ ಜಪಾನಿನಲ್ಲಿ ಮರದಚ್ಚಿನ ಚಿತ್ರಗಳು ಪೇಟೆಯಲ್ಲಿ ಮಾರಾಟವಾಗುತ್ತಿದ್ದವು. 1765ರ ಸುಮಾರಿಗೆ ಸುಝುಕಿ ಹರುನೊಬು ಬಹುವರ್ಣದ ಅಚ್ಚಿಗೆ ದಾರಿ ತೆರೆದ. ಚಿತ್ರಕಾರ ತೆಳುಗಾಗದದ ಮೇಲೆ ಬರೆದುದನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೆತ್ತುವವನು ಒಬ್ಬ, ಬಣ್ಣಕ್ಕೊಂದು ಹಲಗೆಯಂತೆ ಕಾಗದದ ಮೇಲೆ ಒತ್ತುವವನು ಇನ್ನೊಬ್ಬ, ಹಣ ಹಾಕುವ ಪ್ರಕಾಶಕ ಮತ್ತೊಬ್ಬ. ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ 1831ರ ಸುಮಾರಿನದು. ಅದರ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೂ ಇವೆ. ಇಂಥ ಹಾಳೆಗಳಲ್ಲಿ ಚಿತ್ರಕಾರನ ಸಹಿ ಇರುತ್ತದೆ, ಹಲವುಗಳಲ್ಲಿ ಪ್ರಕಾಶಕನ ಮುದ್ರೆಯೂ ಇರುತ್ತದೆ. ಕೆತ್ತಿದವನ ಹೆಸರು ಮಾತ್ರ ಅಪರೂಪ.

ಈ ಒಂದು ವಿಷಯದಲ್ಲಿ ಓಲೆ ಹೆಚ್ಚು ಉದಾರ. ಎಷ್ಟೋ ಕಟ್ಟುಗಳ ಕೊನೆಯ ಗರಿಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ಮಾಸ, ತಿಥಿ, ಯಾರಿಗಾಗಿ ಬರೆದೆನೆಂಬುದನ್ನು ಹೇಳುತ್ತಾನೆ. ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುತ್ತಾನೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಶಕವರ್ಷ ಜೊತೆಗಿಲ್ಲದಿದ್ದರೆ ಕಾಲ ಹಿಡಿಯುವುದು ಕಷ್ಟ. ಆಗ ನೆರವಿಗೆ ಬರುವುದು ಅಲ್ಲಿರುವ ಊರು, ಮಠ, ಗುರುಗಳ ಹೆಸರುಗಳೇ. ಕವಿಯ ಹೆಸರನ್ನಷ್ಟೇ ದಾಖಲಿಸಿ ಈ ಸಾಲುಗಳನ್ನು ಬಿಟ್ಟುಬಿಡುವ ಹಸ್ತಪ್ರತಿ ಸೂಚಿ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಕನ್ನಡದಲ್ಲಿ ಜಪಾನಿನಂಥ ಮರದಚ್ಚಿನ ಪುಸ್ತಕ ಪರಂಪರೆ ಬೆಳೆಯಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ವಿಜಯಪುರದ ಫ.ಗು. ಹಳಕಟ್ಟಿಯವರು ಓಲೆಗಳನ್ನು ಹುಡುಕಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅಚ್ಚಾದ ಮೇಲೂ ಓಲೆಯ ಕೆಲಸ ಮುಗಿಯುವುದಿಲ್ಲ: ಪ್ರತಿಯಿಂದ ಪ್ರತಿಗೆ ಪಾಠ ಬದಲಾಗುತ್ತದೆ, ಸಂಪಾದಕನ ಆಯ್ಕೆ ಸರಿಯೇ ಎಂದು ನೋಡಲು ಮೂಲವೇ ಬೇಕು.

ಜಪಾನಿನ ಹಳೆಯ ಚಿತ್ರಗಳ ಸಸ್ಯಜನ್ಯ ಬಣ್ಣಕ್ಕೆ ಬೆಳಕೇ ಶತ್ರು. ಆದ್ದರಿಂದ ಮ್ಯೂಸಿಯಂಗಳು ಅವನ್ನು ಸ್ವಲ್ಪ ಕಾಲ ತೋರಿಸಿ ಮತ್ತೆ ಕತ್ತಲೆಗೆ ಸೇರಿಸುತ್ತವೆ. ಓಲೆಯನ್ನು ಕೆಡಿಸುವುದು ಹುಳು, ತೇವ, ಅತಿಯಾದ ಒಣಹವೆ. ಧೂಳು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಡುವುದು ರೂಢಿಯ ಆರೈಕೆ. ಡಿಜಿಟಲ್ ಪ್ರತಿ ತೆಗೆಯುವಾಗ ಗರಿಯ ಎರಡೂ ಮಗ್ಗುಲು, ಅಂಚಿನ ಸಂಖ್ಯೆ, ಹಲಗೆಯ ಮೇಲಿನ ಬರಹ ಎಲ್ಲವೂ ಚಿತ್ರದಲ್ಲಿ ಬರಬೇಕು.