ಕುದುರೆಯ ಜೀನು: ಫೋಮ್ ಒಳ್ಳೆಯದೋ, ಉಣ್ಣೆ ತುಂಬಿದ್ದೋ?

ಕುದುರೆ ಸವಾರಿ ಕಲಿಯುವವರ ವಾಟ್ಸಾಪ್ ಗುಂಪುಗಳಲ್ಲಿ ಜೀನಿನ ಬಗ್ಗೆ ಎರಡು ಬಗೆಯ ಮಾತು ಓಡಾಡುತ್ತವೆ. "ಫೋಮ್ ಜೀನು ತಗೊಳ್ಳಿ, ಕುದುರೆಗೆ ಮೆತ್ತಗಿರುತ್ತೆ, ಮೇಂಟೆನೆನ್ಸ್ ಬೇಡ" ಎನ್ನುವುದು ಒಂದು. "ಫೋಮ್ ಬೆನ್ನು ಹಾಳು ಮಾಡುತ್ತೆ, ಉಣ್ಣೆ ನೈಸರ್ಗಿಕ, ಅದೇ ಸರಿ" ಎನ್ನುವುದು ಇನ್ನೊಂದು. ಎರಡರಲ್ಲೂ ಇರುವುದು ಅರ್ಧ ಸತ್ಯ. ಒಳ್ಳೆಯ ಆಮದು ಜೀನಿನ ಬೆಲೆ ಲಕ್ಷ ದಾಟುತ್ತದೆ. ಆಯ್ಕೆ ತಪ್ಪಿದರೆ ನಷ್ಟ ನಮ್ಮ ಜೇಬಿಗೆ, ನೋವು ಕುದುರೆಯ ಬೆನ್ನಿಗೆ. ಅದು ಬಾಯಿಬಿಟ್ಟು ಹೇಳುವ ಪ್ರಾಣಿಯೂ ಅಲ್ಲ.

ಇಂಗ್ಲಿಷ್ ಮಾದರಿಯ ಜೀನನ್ನು ತಲೆಕೆಳಗು ಮಾಡಿ ನೋಡಿ. ನಡುವೆ ಒಂದು ಕಾಲುವೆ, ಅದರ ಎರಡೂ ಬದಿಗೆ ಉದ್ದನೆಯ ದಿಂಬಿನಂಥ ಭಾಗಗಳು ಕಾಣುತ್ತವೆ. ಆ ದಿಂಬುಗಳೇ ಪ್ಯಾನೆಲ್. ಅವುಗಳ ಮೇಲೆ, ಚರ್ಮದೊಳಗೆ ಅಡಗಿರುವ ಗಟ್ಟಿ ಚೌಕಟ್ಟಿಗೆ ಟ್ರೀ ಎನ್ನುತ್ತಾರೆ. ಅದು ಮರದ್ದಿರಬಹುದು, ಪ್ಲಾಸ್ಟಿಕ್ಕಿನದಿರಬಹುದು. ಸವಾರನ ಭಾರ ಒಂದೇ ಕಡೆ ಬೀಳದಂತೆ ಹಂಚುವುದು ಟ್ರೀಯ ಕೆಲಸ. ಆ ಗಟ್ಟಿ ಟ್ರೀ ಬೆನ್ನಿಗೆ ಒತ್ತದಂತೆ ತಡೆಯುವುದು ಪ್ಯಾನೆಲ್ ಕೆಲಸ. ಬೆನ್ನುಮೂಳೆಗೆ ಏನೂ ತಾಗದಿರಲಿ ಎಂದೇ ನಡುವೆ ಕಾಲುವೆ ಬಿಟ್ಟಿರುತ್ತಾರೆ. ಪ್ಯಾನೆಲ್ ಒಳಗೆ ಫೋಮ್ ಇರಬೇಕೋ ಉಣ್ಣೆ ಇರಬೇಕೋ ಎಂಬುದೇ ಈಗಿನ ಚರ್ಚೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮನೆಯ ಹಾಸಿಗೆ ಸಾಕು. ಹಳೆಯ ಹತ್ತಿ ಹಾಸಿಗೆ ವರ್ಷ ಕಳೆದಂತೆ ಗಂಟು ಕಟ್ಟುತ್ತದೆ, ಮಲಗುವ ಜಾಗದಲ್ಲಿ ತಗ್ಗು ಬೀಳುತ್ತದೆ. ಆಗ ಪಿಂಜಾರರನ್ನು ಕರೆಸಿ, ಹತ್ತಿ ಹಿಂಜಿಸಿ, ಮತ್ತೆ ತುಂಬಿಸಿ ಹೊಲಿಸುತ್ತಿದ್ದೆವು. ಹಾಸಿಗೆ ಮತ್ತೆ ಹೊಸದು. ಫೋಮ್ ಹಾಸಿಗೆಗೆ ಈ ತಾಪತ್ರಯ ಇಲ್ಲ, ಹಲವು ವರ್ಷ ಒಂದೇ ಥರ ಇರುತ್ತದೆ. ಆದರೆ ಒಮ್ಮೆ ಕುಸಿಯಿತೆಂದರೆ ರಿಪೇರಿ ಇಲ್ಲ, ಬದಲಾಯಿಸಬೇಕು. ಉಣ್ಣೆಯ ಜೀನಿಗೂ ಫೋಮ್ ಜೀನಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇದೇ.

ಉಣ್ಣೆಯ ಎಳೆ ನೇರವಾಗಿರುವುದಿಲ್ಲ, ಸಣ್ಣ ಸ್ಪ್ರಿಂಗ್‌ನಂತೆ ಸುರುಳಿಯಾಗಿರುತ್ತದೆ. ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಉಬ್ಬುತ್ತದೆ. ಆದರೆ ಅದೇ ಎಳೆಯ ಮೇಲ್ಮೈಯಲ್ಲಿ ಸೂಕ್ಷ್ಮ ಪೊರೆಗಳಿವೆ. ಬಿಸಿ, ಬೆವರು, ತಿಕ್ಕಾಟ ಮೂರೂ ಸೇರಿದಾಗ ಪೊರೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಉಣ್ಣೆ ಗಟ್ಟಿಯಾಗುತ್ತದೆ. ಉಣ್ಣೆಯ ಸ್ವೆಟರನ್ನು ಬಿಸಿನೀರಲ್ಲಿ ತಿಕ್ಕಿ ಒಗೆದು ಕೈಸುಟ್ಟುಕೊಂಡವರಿಗೆ ಇದು ಗೊತ್ತು. ಜೀನಿನ ಕೆಳಗಂತೂ ಬಿಸಿ, ಬೆವರು, ತಿಕ್ಕಾಟ ಮೂರೂ ದಿನನಿತ್ಯದ ಮಾತು. ಹಾಗಾಗಿ ಹೊಸ ಉಣ್ಣೆ ಮೊದಲ ಕೆಲವು ತಿಂಗಳಲ್ಲೇ ಕುಳಿತುಕೊಳ್ಳುತ್ತದೆ, ಆಮೇಲೂ ಆಗಾಗ ನೋಡಿಸಿಕೊಳ್ಳಬೇಕು. ಸಿಂಥೆಟಿಕ್ ಎಳೆ ತುಂಬಿದ ಜೀನುಗಳೂ ಇವೆ; ಅವು ಉಣ್ಣೆಯಂತೆ ಹೆಣೆದುಕೊಳ್ಳದಿದ್ದರೂ ಗಂಟು ಕಟ್ಟುವುದುಂಟು.

ಉಣ್ಣೆಯ ದೊಡ್ಡ ಗುಣ ಒಂದಿದೆ. ಕೆಲಸ ಬಲ್ಲವರು ಪ್ಯಾನೆಲ್‌ನ ಸಣ್ಣ ಸೀಳಿನ ಮೂಲಕ ಬೇಕಾದ ಜಾಗಕ್ಕೆ ಮಾತ್ರ ಒಂದು ಹಿಡಿ ಉಣ್ಣೆ ಸೇರಿಸಬಹುದು, ಅಥವಾ ತೆಗೆಯಬಹುದು. ಎಡಭುಜಕ್ಕಿಂತ ಬಲಭುಜ ದಪ್ಪಗಿರುವ ಕುದುರೆಗೆ ಎರಡು ಬದಿಯನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಫೋಮ್‌ನಲ್ಲಿ ಇದು ಸುಲಭವಲ್ಲ.

ನಮ್ಮಲ್ಲಿ ಈ ಗುಣಕ್ಕೆ ಬೆಲೆ ಇದೆ. ಬೆಂಗಳೂರಿನಂಥ ಊರುಗಳ ಸವಾರಿ ಶಾಲೆಗಳಿಗೆ ರೇಸ್‌ನಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಬರುತ್ತವೆ. ಇವುಗಳ ಹೆಗಲ ಉಬ್ಬು ಎತ್ತರ, ಬಂದಾಗ ಮೈ ಸಣಕಲು. ರೇಸ್ ಬಿಟ್ಟು ಬೇರೆ ಥರದ ಕೆಲಸ, ಬೇರೆ ಮೇವು ಶುರುವಾದಾಗ ಬೆನ್ನಿನ ಸ್ನಾಯು ತುಂಬಿಕೊಂಡು ಆಕಾರವೇ ಬದಲಾಗುತ್ತದೆ. ಮೊದಲ ತಿಂಗಳು ಸರಿಹೊಂದಿದ ಫೋಮ್ ಜೀನು ಎಂಟನೇ ತಿಂಗಳಿಗೆ ಅದೇ ಕುದುರೆಗೆ ಬಿಗಿ. ಹೀಗೆ ಬದಲಾಗುತ್ತಿರುವ ಕುದುರೆಗೆ ಉಣ್ಣೆಯೇ ವಾಸಿ ಎಂಬುದು ನನ್ನ ಅಭಿಪ್ರಾಯ, ಆದರೆ ಅದನ್ನು ಮತ್ತೆ ತುಂಬಿಕೊಡುವವರು ಕೈಗೆ ಸಿಗಬೇಕು. ಜೀನು ಹೊಲಿಯುವ ಕಸುಬಿಗೆ ಭಾರತದಲ್ಲಿ ಹೆಸರಾದ ಊರು ಕಾನ್ಪುರ. ಅಲ್ಲಿನ ಜೀನಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಕುದುರೆ ಹಾಸನದಲ್ಲಿದ್ದು ರಿಪೇರಿ ಕಾನ್ಪುರದಲ್ಲಾದರೆ, ಗಂಟು ಕಟ್ಟಿದ ಉಣ್ಣೆಗಿಂತ ಸಮನಾಗಿರುವ ಫೋಮೇ ಮೇಲು.

ಫೋಮ್ ಪರವಾಗಿ ಹೇಳಬೇಕಾದ್ದು ಅಷ್ಟೇ ಅಲ್ಲ. ಕಾರ್ಖಾನೆಯಿಂದ ಬಂದಾಗ ಎರಡೂ ಬದಿ ಒಂದೇ ಅಳತೆ ಇರುತ್ತದೆ, ತುಂಬಿದವರ ಕೈಚಳಕದ ಮೇಲೆ ನಿಂತಿರುವುದಿಲ್ಲ. ತೆಳುವಾಗಿ ಮಾಡಬಹುದಾದ್ದರಿಂದ ಸವಾರ ಕುದುರೆಗೆ ಹತ್ತಿರ ಕೂರುತ್ತಾನೆ. ಜಿಗಿತದ ಸ್ಪರ್ಧೆಗೆ ಬಳಸುವ ಫ್ರೆಂಚ್ ಜೀನುಗಳಲ್ಲಿ ಫೋಮ್ ಹೆಚ್ಚು ಕಾಣುವುದು ಇದಕ್ಕೇ. ಬ್ರಿಟನ್ನಿನ ವಾಲ್ಸಾಲ್ ಪಟ್ಟಣದ ಸಾಂಪ್ರದಾಯಿಕ ಜೀನುಗಾರರು ಇವತ್ತಿಗೂ ಉಣ್ಣೆಯ ಪಕ್ಷ.

"ಫೋಮ್ ಹಾಳಾಗುವುದೇ ಇಲ್ಲ" ನಿಜವೇ?

ಅಲ್ಲ. ಫೋಮ್ ಎಂದರೆ ಸಾವಿರಾರು ಪುಟ್ಟ ಗುಳ್ಳೆಗಳ ಗೂಡು. ಗುಳ್ಳೆಗಳ ಗೋಡೆ ದಿನವೂ ಒತ್ತಿಸಿಕೊಂಡು ಸೋಲುತ್ತದೆ. ಲ್ಯಾಟೆಕ್ಸ್ ಆದರೆ ಗಾಳಿಯ ಆಮ್ಲಜನಕ ಮತ್ತು ಶಾಖಕ್ಕೆ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ. ಕೆಲವು ಬಗೆಯ ಪಾಲಿಯುರೆಥೇನ್ ತೇವಾಂಶಕ್ಕೆ ಶಿಥಿಲವಾಗುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಕೋಣೆಯಲ್ಲಿಟ್ಟರೆ, ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಇದೆಲ್ಲ ಬೇಗ ನಡೆಯುತ್ತದೆ. ಮೇಲಿನ ಚರ್ಮ ಥಳಥಳ ಎನ್ನುತ್ತಿದ್ದರೂ ಒಳಗಿನ ಫೋಮ್ ಸತ್ತಿರಬಹುದು. ಸೆಕೆಂಡ್ ಹ್ಯಾಂಡ್ ಜೀನು ಕೊಳ್ಳುವವರು ಮೋಸಹೋಗುವುದು ಇಲ್ಲೇ. ಹೆಬ್ಬೆರಳಿನಿಂದ ಪ್ಯಾನೆಲ್ ಉದ್ದಕ್ಕೂ ಒತ್ತುತ್ತ ಹೋಗಿ. ಫೋಮ್ ಆದರೆ ತಕ್ಷಣ ಮೇಲೇಳಬೇಕು, ಒತ್ತಿದ ಗುರುತು ಉಳಿಯಬಾರದು, ಕರಕರ ಸದ್ದು ಬರಬಾರದು. ಉಣ್ಣೆಯಾದರೆ ಗಂಟು, ಟೊಳ್ಳು ಸಿಗಬಾರದು. ಹಿಂದಿನಿಂದ ನೋಡಿದಾಗ ಎರಡೂ ದಿಂಬು ಸಮನಾಗಿರಬೇಕು.

ಮೆತ್ತಗಿದ್ದಷ್ಟೂ ಒಳ್ಳೆಯದೇ?

ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಒತ್ತಡ ಎಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು, ಹೈಸ್ಕೂಲಿನ ಪಾಠ. ಸವಾರ ಮತ್ತು ಜೀನು ಸೇರಿ 75 ಕೆಜಿ, ಪ್ಯಾನೆಲ್ ತಾಗುವ ಜಾಗ 1000 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಚದರ ಸೆಂಟಿಮೀಟರಿಗೆ 75 ಗ್ರಾಂ. ಅದೇ ಜೀನು ಮುಂದೆ ಮತ್ತು ಹಿಂದೆ ಮಾತ್ರ ಕುಳಿತು ನಡುವೆ ಸೇತುವೆಯಂತೆ ಎತ್ತಿಕೊಂಡು, ತಾಗುವ ಜಾಗ ಅರ್ಧಕ್ಕಿಳಿದರೆ 150 ಗ್ರಾಂ. ಇದು ಕುದುರೆ ಸುಮ್ಮನೆ ನಿಂತಾಗಿನ ಲೆಕ್ಕ. ದುಡುಕಿ ಓಡುವಾಗ, ಜಿಗಿದು ಇಳಿಯುವಾಗ ಬೆನ್ನಿನ ಮೇಲೆ ಬೀಳುವ ಬಲ ದುಪ್ಪಟ್ಟಿಗೂ ಮೀರುತ್ತದೆ. ಒತ್ತಡ ಒಂದೇ ಜಾಗದಲ್ಲಿ ನಿಂತರೆ ಚರ್ಮದ ಸೂಕ್ಷ್ಮ ರಕ್ತನಾಳಗಳು ಮುಚ್ಚಿ ರಕ್ತ ಹರಿಯದು. ಹಾಸಿಗೆ ಹಿಡಿದ ರೋಗಿಗೆ ಬೆನ್ನುಹುಣ್ಣು ಆಗುವುದೂ ಹೀಗೆಯೇ. ಹೆಗಲ ಬಳಿ ಕಂದು ಕುದುರೆಗೆ ಬಿಳಿ ಕೂದಲಿನ ಮಚ್ಚೆ ಮೂಡಿದರೆ ಅದು ಅದೃಷ್ಟದ ಸುಳಿಯಲ್ಲ; ಬಣ್ಣ ಕೊಡುವ ಜೀವಕೋಶಗಳು ಒತ್ತಡಕ್ಕೆ ನಾಶವಾದ ಗುರುತು.

ತೀರಾ ಮೆತ್ತನೆಯ ಪ್ಯಾನೆಲ್ ಭಾರಕ್ಕೆ ಪೂರ್ತಿ ಕುಸಿದು, ಟ್ರೀ ನೇರವಾಗಿ ಬೆನ್ನಿಗೆ ಒತ್ತುತ್ತದೆ. ಟ್ರೀಯೇ ಇಕ್ಕಟ್ಟಾಗಿದ್ದರೆ ಫೋಮೂ ಉಳಿಸದು, ಉಣ್ಣೆಯೂ ಉಳಿಸದು. ಅದರ ಕೆಳಗೆ ದಪ್ಪ ಪ್ಯಾಡ್ ಹಾಕುವುದಂತೂ ಬಿಗಿಯಾದ ಶೂಗೆ ಎರಡು ಜೊತೆ ಸಾಕ್ಸ್ ಹಾಕಿದಂತೆ. ಆದ್ದರಿಂದ ಅಂಗಡಿಯಲ್ಲಿ ಫೋಮೋ ಉಣ್ಣೆಯೋ ಎಂದು ಕೇಳುವ ಮೊದಲು, ಪ್ಯಾಡ್ ಇಲ್ಲದೆ ಜೀನನ್ನು ನಿಮ್ಮ ಕುದುರೆಯ ಮೇಲಿಟ್ಟು ನೋಡಲು ಬಿಡುತ್ತೀರಾ ಎಂದು ಕೇಳಿ. ಅಂಗೈಯನ್ನು ಪ್ಯಾನೆಲ್ ಕೆಳಗೆ ಮುಂದಿನಿಂದ ಹಿಂದಕ್ಕೆ ಜಾರಿಸಿ. ಒಂದು ಕಡೆ ಕೈ ಸಿಕ್ಕಿಕೊಂಡು ಇನ್ನೊಂದು ಕಡೆ ಸಡಿಲವಾದರೆ ಆ ಜೀನು ಬೇಡ.

ಇನ್ನೊಂದು ವಿಷಯ. ಜೀನು ಪದೇಪದೇ ಒಂದೇ ಬದಿಗೆ ಜಾರಿದರೆ "ಆ ಕಡೆ ಉಣ್ಣೆ ಕಮ್ಮಿಯಾಗಿದೆ, ತುಂಬಿಸಿ" ಎನ್ನುವುದು ಲಾಯದಲ್ಲಿ ಸಿಗುವ ಮಾಮೂಲಿ ಸಲಹೆ. ಕೆಲವೊಮ್ಮೆ ಅದು ಸರಿ. ಆದರೆ ಪಶುವೈದ್ಯೆಯರಾದ ಲೈನ್ ಗ್ರೀವ್ ಮತ್ತು ಸ್ಯೂ ಡೈಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಗಾಲಿನ ಕುಂಟಿಗೂ ಜೀನು ಜಾರುವುದಕ್ಕೂ ನಂಟಿರುವುದು ಕಂಡಿತು. ನೋವಿರುವ ಕಾಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಹೆಚ್ಚಿನ ಕುದುರೆಗಳಲ್ಲಿ ಜಾರುವುದು ನಿಂತಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕುಂಟು ಕೂಡ ಹೀಗೆ ಜೀನಿನಲ್ಲಿ ಬಯಲಾಗಬಹುದು. ಉಣ್ಣೆ ತುಂಬಿಸಿ ಜಾರುವುದನ್ನು ಮರೆಮಾಡಿದರೆ ಕಾಲಿನ ನೋವು ಹಾಗೇ ಬೆಳೆಯುತ್ತದೆ. ಬೆಲ್ಟ್ ಬಿಗಿಯುವಾಗ ಕಿವಿ ಹಿಂದಕ್ಕೆ ಹಾಕುವ, ಕಚ್ಚಲು ಬರುವ, ಇದ್ದಕ್ಕಿದ್ದಂತೆ ಜಿಗಿಯಲು ಒಲ್ಲೆ ಎನ್ನುವ ಕುದುರೆಯನ್ನು "ಹಠಮಾರಿ" ಎಂದು ಚಾಟಿ ಹಿಡಿಯುವ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಿ, ಜೀನನ್ನೂ ಅವರ ಮುಂದಿಡಿ.