ವಿಮಾನ ಟಿಕೆಟ್‌ನಲ್ಲಿ ನಿಜವಾದ ಪ್ರಯಾಣಾವಧಿ ಇರಲಿ



ದೆಹಲಿಯಿಂದ ಷಿಕಾಗೊಗೆ ಸುಮಾರು 12 ಸಾವಿರ ಕಿ.ಮೀ., ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14 ಸಾವಿರ ಕಿ.ಮೀ. ಎಂದು ಪತ್ರಿಕೆಗಳು ಬರೆಯುತ್ತವೆ, ಟಿಕೆಟ್ ಮಾರುವ ಜಾಲತಾಣಗಳೂ ಹೇಳುತ್ತವೆ. ಭೂಗೋಳದ ಮಾದರಿಯ ಮೇಲೆ ದಾರ ಹಿಡಿದು ಅಳೆದರೆ ಸಿಗುವ ದೂರವಿದು. ಭೂಗೋಳ ಪಾಠ ಮಾಡಿದವನಾಗಿ ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ ವಿಮಾನ ಹಾರುವ ದಾರಿಯನ್ನು ಗಾಳಿಯೂ ದೇಶಗಳ ನಡುವಿನ ಸಂಬಂಧವೂ ನಿರ್ಧರಿಸುತ್ತವೆ.

2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ನಮ್ಮ ವಿಮಾನಗಳು ದಕ್ಷಿಣಕ್ಕೆ ತಿರುಗಿ, ಅರಬ್ಬಿ ಸಮುದ್ರ ಬಳಸಿ ಹೋಗಬೇಕಾಯಿತು. ಉತ್ತರ ಅಮೆರಿಕಕ್ಕೆ ಹೋಗಿಬರುವ ಏರ್ ಇಂಡಿಯಾ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿದವು. ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ಸಂಚಾರವೇ ನಿಂತಿತು. ವಿಮಾನಗಳ ಕೊರತೆಯ ಜೊತೆಗೆ ಈ ಸುತ್ತುದಾರಿಯೂ ಅದಕ್ಕೆ ಕಾರಣವೆಂದು ಸಂಸ್ಥೆಯೇ ಹೇಳಿತು. ಎರಡು ನಗರಗಳ ನಡುವಿನ ದೂರ ಒಂದಿಂಚೂ ಬದಲಾಗಿರಲಿಲ್ಲ.

ನನ್ನ ಆಕ್ಷೇಪ ಸುತ್ತುದಾರಿಯ ಬಗ್ಗೆ ಅಲ್ಲ. ಅದನ್ನು ಪ್ರಯಾಣಿಕರಿಗೆ ಮುಂಚೆಯೇ ತಿಳಿಸದಿರುವುದರ ಬಗ್ಗೆ. ಮಗನ ಮನೆಗೆ ಹೊರಟಿದ್ದ ನಮ್ಮಕ್ಕ ಇನ್ಸುಲಿನ್ ತೆಗೆದುಕೊಳ್ಳುವವರು. ಟಿಕೆಟ್‌ನಲ್ಲಿದ್ದ ಅವಧಿ ನೋಡಿ ಊಟ, ಔಷಧಿಯ ಹೊತ್ತು ಗೊತ್ತುಮಾಡಿಕೊಂಡಿದ್ದರು. ನಡುವೆ ಇಂಧನಕ್ಕೆ ಇಳಿಯುತ್ತದೆಂದು ತಿಳಿದದ್ದು ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ, ಅದೂ ಅವರಿಗೆ ಅರ್ಥವಾಗದ ಇಂಗ್ಲಿಷ್, ಹಿಂದಿಯಲ್ಲಿ. ಪಕ್ಕದವರು ಕನ್ನಡದಲ್ಲಿ ಹೇಳದಿದ್ದರೆ ಅದೂ ತಿಳಿಯುತ್ತಿರಲಿಲ್ಲ. ಮಕ್ಕಳನ್ನು ನೋಡಲು, ಬಾಣಂತನಕ್ಕೆಂದು ಹೀಗೆ ಒಂಟಿಯಾಗಿ ಹೋಗುವ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟಿಲ್ಲ?

ಟಿಕೆಟ್‌ನಲ್ಲಿರುವ ವೇಳೆಗಳೂ ಅವರಿಗೆ ನೆರವಾಗುವುದಿಲ್ಲ. ಹೊರಡುವುದು ನಮ್ಮ ಗಡಿಯಾರದಲ್ಲಿ, ತಲುಪುವುದು ಅಲ್ಲಿಯ ಗಡಿಯಾರದಲ್ಲಿ. ಚಳಿಗಾಲದಲ್ಲಿ ಷಿಕಾಗೊ ನಮಗಿಂತ ಹನ್ನೊಂದೂವರೆ ಗಂಟೆ ಹಿಂದಿರುತ್ತದೆ. ನಡುರಾತ್ರಿ ದೆಹಲಿ ಬಿಟ್ಟವರು ಅದೇ ಬೆಳಗಿನ ಜಾವ ಅಲ್ಲಿ ಇಳಿಯುತ್ತಾರೆಂದು ಕಂಡರೆ, ನಾಲ್ಕೈದು ಗಂಟೆಯ ದಾರಿ ಎಂದುಕೊಳ್ಳುವ ಹಿರಿಯರಿದ್ದಾರೆ.

ಬದಲಾದ ದಾರಿ, ಹೆಚ್ಚುವ ಅವಧಿ, ನಡುವಿನ ನಿಲುಗಡೆಗಳನ್ನು ಪ್ರಯಾಣಿಕರಿಗೆ ಮುಂಚಿತವಾಗಿ ತಿಳಿಸಬೇಕು, ಊಟ ಮತ್ತು ಔಷಧಿಯ ವ್ಯವಸ್ಥೆ ಇರಬೇಕು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅದೇ ಏಪ್ರಿಲ್‌ನಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿತ್ತು. ಒಳ್ಳೆಯ ಸೂಚನೆ. ಆದರೆ ಸೂಚನೆ ಕೊಟ್ಟರಷ್ಟೇ ಸಾಲದು. ಅದನ್ನು ಪಾಲಿಸದ ಸಂಸ್ಥೆಗಳಿಗೆ ನಿರ್ದೇಶನಾಲಯವು ದಂಡ ವಿಧಿಸಲಿ. ವಿಮಾನ ಸಂಸ್ಥೆಗಳು, ಹತ್ತುವುದರಿಂದ ಇಳಿಯುವವರೆಗಿನ ಒಟ್ಟು ಗಂಟೆ ಮತ್ತು ನಿಲುಗಡೆಯನ್ನು ಹಣ ಕಟ್ಟುವ ಮೊದಲೇ ತೋರಿಸಲಿ, ಕರ್ನಾಟಕದಿಂದ ಹೊರಡುವವರಿಗೆ ಕನ್ನಡದಲ್ಲಿಯೂ ತಿಳಿಸಲಿ.

– ನಿವೃತ್ತ ಭೂಗೋಳ ಉಪನ್ಯಾಸಕ, ಶಿವಮೊಗ್ಗ